ದೋಷ ಇರುವುದು ಹಾರ್ಮೋನಿನ ಭಾಗದಲ್ಲಲ್ಲ ಎಂದರೆ ಹಾರ್ಮೋನು ಏಕೆ ಕಡಿಮೆ? (ವಾಸೊಪ್ರೆಸಿನ್ ಜೀನಿನ ರಚನೆ ಮತ್ತು ನಿಯಂತ್ರಣ)

ಪ್ರಶ್ನೆ: ಸೋದರಮಾವ, ಮಲ್ಲೇಶ್ವರ

ನಾನು ಲೆಕ್ಕಪತ್ರದ ಕೆಲಸದವನು. ಜೀವಶಾಸ್ತ್ರವನ್ನು ಪಿಯುಸಿಯಲ್ಲೇ ಬಿಟ್ಟವನಾದ್ದರಿಂದ ಪದಗಳಲ್ಲಿ ತಪ್ಪಿದ್ದರೆ ದಯವಿಟ್ಟು ತಿದ್ದಿ.

ನಮ್ಮದು ನೆಂಟರ ಬಾಯಲ್ಲಿ "ನೀರು ಕುಡಿಯೋರ ಮನೆ". ಅಮ್ಮ ಮಲಗುವಾಗ ಹಾಸಿಗೆಯ ಪಕ್ಕದಲ್ಲಿ ಚೊಂಬನ್ನಲ್ಲ, ತಾಮ್ರದ ಬಿಂದಿಗೆಯನ್ನೇ ಇಟ್ಟುಕೊಳ್ಳುತ್ತಿದ್ದರು. ಬೆಳಗಾಗುವ ಹೊತ್ತಿಗೆ ಅದು ಬರಿದಾಗಿರುತ್ತಿತ್ತು. ತಂಗಿಯೂ ಹಾಗೆಯೇ. ಇದನ್ನು ಯಾರೂ ಕಾಯಿಲೆ ಎಂದುಕೊಂಡಿರಲಿಲ್ಲ, ಮೂಗಿನ ಆಕಾರದ ಹಾಗೆ ಇದೂ ಮನೆತನದ್ದು ಎಂದುಕೊಂಡಿದ್ದೆವು. ತಂಗಿಯ ಮಗನಿಗೆ ಈಗ 4 ವರ್ಷ. ಎರಡು ವರ್ಷ ತುಂಬುವವರೆಗೆ ಎಲ್ಲ ಮಕ್ಕಳಂತಿದ್ದವನು, ಆಮೇಲೆ ಸ್ನಾನದ ಬಕೆಟ್ಟಿಗೇ ಬಾಯಿ ಹಾಕಿ ಕುಡಿಯಲು ಶುರುಮಾಡಿದ. ಮೊದಲು ತೋರಿಸಿದ ಕ್ಲಿನಿಕ್ಕಿನಲ್ಲಿ ರಕ್ತದ ಸಕ್ಕರೆ ನೋಡಿ, ಅದು ಸರಿಯಾಗಿದೆ ಎಂದ ಮೇಲೆ, ಇದು ಬರೀ ಅಭ್ಯಾಸ, ಸಂಜೆ ಆರರ ನಂತರ ನೀರು ಕೊಡಬೇಡಿ ಎಂದರು. ಮೂರು ದಿನ ಹಾಗೆಯೇ ಮಾಡಿದೆವು. ಮೂರನೆಯ ರಾತ್ರಿ ಮಗುವಿಗೆ ತುಟಿಯೆಲ್ಲ ಒಣಗಿ, ಮೈ ಬಿಸಿಯಾಗಿ, ಹೂಜಿಯ ಹೊರಮೈಯನ್ನು ನೆಕ್ಕುತ್ತಾ ಕುಳಿತಿದ್ದನ್ನು ನೋಡಿ ತಂಗಿ ಅತ್ತುಬಿಟ್ಟಳು. ಅಲ್ಲಿಗೆ ಆ ಸಲಹೆಯನ್ನು ಕೈಬಿಟ್ಟೆವು.

ಬೇರೆಡೆ ತೋರಿಸಿದಾಗ ಜೀನ್ ಪರೀಕ್ಷೆ ಮಾಡಿಸಿದರು. ವರದಿಯಲ್ಲಿರುವುದು ಇಷ್ಟು: ವಾಸೊಪ್ರೆಸಿನ್ (ಮೂತ್ರದಲ್ಲಿ ನೀರು ಹೋಗದಂತೆ ತಡೆಯುವ ಹಾರ್ಮೋನು) ಜೀನಿನ ಎರಡು ಪ್ರತಿಗಳಲ್ಲಿ ಒಂದರಲ್ಲಿ, ಎರಡನೆಯ ಎಕ್ಸಾನಿನಲ್ಲಿ (ಪ್ರೋಟೀನಿನ ಸಂಕೇತವಿರುವ ಜೀನಿನ ತುಂಡು), ಸಿಸ್ಟೀನ್ ಎಂಬ ಅಮೈನೋ ಆಮ್ಲ ಇರಬೇಕಾದ ಕಡೆ ಟೈರೋಸಿನ್ ಬಂದಿದೆ. ವೈದ್ಯರು "ದೋಷ ಹಾರ್ಮೋನಿನಲ್ಲಿಲ್ಲ, ನ್ಯೂರೋಫೈಸಿನ್ ಎಂಬ ಭಾಗದಲ್ಲಿದೆ" ಎಂದರು. ಹೊರಗೆ ಸರದಿ ಉದ್ದವಿದ್ದುದರಿಂದ ಮುಂದೆ ಕೇಳಲಾಗಲಿಲ್ಲ. ಹಾರ್ಮೋನು ಸರಿಯಾಗಿದ್ದರೆ ಅದು ಏಕೆ ಸಿಗುತ್ತಿಲ್ಲ? ಇನ್ನೊಂದು ಪ್ರತಿ ಚೆನ್ನಾಗಿರುವಾಗ ಅರ್ಧದಷ್ಟಾದರೂ ಸಾಲಬೇಕಲ್ಲವೇ? ಹುಟ್ಟಿನಿಂದ ಇರುವ ದೋಷ ಎರಡು ವರ್ಷ ಏಕೆ ಸುಮ್ಮನಿತ್ತು? ಪಕ್ಕದಲ್ಲೇ ಆಕ್ಸಿಟೋಸಿನ್ ಜೀನ್ ಇದೆ ಎಂದು ಓದಿದೆ. ಅದಕ್ಕೂ ಪೆಟ್ಟು ಬಿದ್ದಿದೆಯೇ?

ಉತ್ತರ: ನಿವೃತ್ತ ಅಧ್ಯಾಪಕಿ, ಬಸವನಗುಡಿ

ಮೊದಲು ಜೀನಿನ ಮನೆ ಎಲ್ಲಿದೆ ಎಂದು ನೋಡೋಣ. ವಾಸೊಪ್ರೆಸಿನ್ ಮತ್ತು ಆಕ್ಸಿಟೋಸಿನ್ ಎರಡರ ಜೀನ್‌ಗಳೂ 20ನೆಯ ವರ್ಣತಂತುವಿನ ಗಿಡ್ಡ ತೋಳಿನ ತುದಿಯ ಹತ್ತಿರ ಅಕ್ಕಪಕ್ಕದಲ್ಲಿವೆ. ನಮ್ಮ ಹಳೆಯ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳು ಹಿತ್ತಲಿಗೆ ಹಿತ್ತಲು ಮಾಡಿಕೊಂಡು, ನಡುವೆ ಒಂದು ಕನ್ಸರ್ವೆನ್ಸಿ ಓಣಿಯನ್ನು ಬಿಟ್ಟುಕೊಂಡಿರುತ್ತವಲ್ಲ, ಇವೂ ಹಾಗೆಯೇ. ಎರಡರ ಮುಂಬಾಗಿಲೂ ಬೇರೆ ಬೇರೆ ರಸ್ತೆಗೆ, ಅಂದರೆ ಒಂದನ್ನು ಡಿಎನ್‌ಎಯ ಒಂದು ಎಳೆಯಿಂದ ಓದಿದರೆ ಇನ್ನೊಂದನ್ನು ಎದುರು ಎಳೆಯಿಂದ, ವಿರುದ್ಧ ದಿಕ್ಕಿನಲ್ಲಿ ಓದಲಾಗುತ್ತದೆ. ನಡುವಿನ ಓಣಿ ಮನುಷ್ಯರಲ್ಲಿ ಸುಮಾರು 10ರಿಂದ 12 ಸಾವಿರ ಡಿಎನ್‌ಎ ಅಕ್ಷರಗಳಷ್ಟು ಉದ್ದ. ಚಿಟ್ಟಿಲಿಯಲ್ಲಿ ಮೂರೂವರೆ ಸಾವಿರದ ಆಸುಪಾಸು. ಎರಡೂ ಒಂದೇ ಪೂರ್ವಜ ಜೀನ್ ಇಮ್ಮಡಿಯಾಗಿ ಹುಟ್ಟಿದವು. ಎರಡೂ ಹಾರ್ಮೋನುಗಳಲ್ಲಿ ಒಂಬತ್ತೇ ಅಮೈನೋ ಆಮ್ಲಗಳಿದ್ದು, ಮೂರನೆಯ ಮತ್ತು ಎಂಟನೆಯ ಸ್ಥಾನಗಳಲ್ಲಿ ಮಾತ್ರ ವ್ಯತ್ಯಾಸವಿದೆ. ಎರಡು ಅಮೈನೋ ಆಮ್ಲಗಳ ವ್ಯತ್ಯಾಸದಿಂದ ವಾಸೊಪ್ರೆಸಿನ್ ಮೂತ್ರಪಿಂಡದಲ್ಲಿ ನೀರನ್ನು ತಡೆಯುತ್ತದೆ, ಆಕ್ಸಿಟೋಸಿನ್ ಹೆರಿಗೆಯಲ್ಲೂ ಹಾಲೂಡಿಸುವಾಗಲೂ ನೆರವಾಗುತ್ತದೆ. ಇವೆರಡರ ರಚನೆಯನ್ನು ಬಿಡಿಸಿ, ಪ್ರಯೋಗಾಲಯದಲ್ಲಿ ಕಟ್ಟಿ ತೋರಿಸಿದ ವಿನ್ಸೆಂಟ್ ಡು ವಿನ್ಯೋ ಅವರಿಗೆ 1955ರ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು.

ನೀವು ಲೆಕ್ಕದವರಾದ್ದರಿಂದ ಉಳಿದದ್ದನ್ನು ಲೆಕ್ಕದಲ್ಲೇ ಹೇಳುತ್ತೇನೆ. ಜೀವಕೋಶವು ಒಂಬತ್ತು ಅಮೈನೋ ಆಮ್ಲಗಳ ಹಾರ್ಮೋನನ್ನು ನೇರವಾಗಿ ತಯಾರಿಸುವುದಿಲ್ಲ. ಅದು 164 ಅಮೈನೋ ಆಮ್ಲಗಳ ಒಂದು ಉದ್ದನೆಯ ಸರಪಳಿಯನ್ನು ತಯಾರಿಸಿ, ಆಮೇಲೆ ಕತ್ತರಿಸುತ್ತದೆ. ಮೊದಲ 19, ಸರಪಳಿಯನ್ನು ಕೋಶದ ಒಳಗಿನ ಕಾರ್ಖಾನೆಗೆ ಸೇರಿಸುವ ಸಂಕೇತದ ತುಣುಕು, ಮುಂದಿನ 9, ವಾಸೊಪ್ರೆಸಿನ್, ಆಮೇಲಿನ 3, ಗ್ಲೈಸಿನ್, ಲೈಸಿನ್, ಆರ್ಜಿನಿನ್, ಅನಂತರ 93, ನ್ಯೂರೋಫೈಸಿನ್, ಒಂದು ಆರ್ಜಿನಿನ್, ಕೊನೆಯ 39, ಕೊಪೆಪ್ಟಿನ್. ಕೂಡಿಸಿದರೆ 164 ಆಗುತ್ತದೆ. ನಡುವಿನ ಮೂರರಲ್ಲಿ ಲೈಸಿನ್ ಮತ್ತು ಆರ್ಜಿನಿನ್ ಜೋಡಿ "ಇಲ್ಲಿ ಕತ್ತರಿಸು" ಎಂಬ ಗುರುತು, ಗ್ಲೈಸಿನ್ ಹಾರ್ಮೋನಿನ ಬಾಲಕ್ಕೆ ಅಮೈಡ್ ಗುಂಪನ್ನು ಕೊಟ್ಟು ತಾನು ಕಳಚಿಕೊಳ್ಳುತ್ತದೆ. ಆ ಅಮೈಡ್ ಇಲ್ಲದೆ ಹಾರ್ಮೋನು ಸರಿಯಾಗಿ ಕೆಲಸ ಮಾಡುವುದಿಲ್ಲ.

ಜೀನಿನಲ್ಲಿ ಈ 164ರ ಸಂಕೇತ ಮೂರು ಎಕ್ಸಾನ್‌ಗಳಲ್ಲಿ ಹಂಚಿಹೋಗಿದೆ. ಮೊದಲನೆಯದರಲ್ಲಿ ಸಂಕೇತದ ತುಣುಕು, ಹಾರ್ಮೋನು, ಕತ್ತರಿಸುವ ಗುರುತು ಮತ್ತು ನ್ಯೂರೋಫೈಸಿನ್ನಿನ ಮೊದಲ 9 ಸೇರಿ ಸುಮಾರು 40. ಎರಡನೆಯದರಲ್ಲಿ ನ್ಯೂರೋಫೈಸಿನ್ನಿನ ನಡುಭಾಗ, ಸುಮಾರು 67. ಮೂರನೆಯದರಲ್ಲಿ ಉಳಿದ 17, ಆ ಒಂದು ಆರ್ಜಿನಿನ್ ಮತ್ತು ಕೊಪೆಪ್ಟಿನ್ ಸೇರಿ 57. ಈ ಎರಡನೆಯ ಎಕ್ಸಾನ್ ಆಕ್ಸಿಟೋಸಿನ್ ಜೀನಿನ ಎರಡನೆಯ ಎಕ್ಸಾನನ್ನು ಎಷ್ಟು ಹೋಲುತ್ತದೆಂದರೆ, ವಿಕಾಸದ ಹಾದಿಯಲ್ಲಿ ಒಂದು ಜೀನ್ ಇನ್ನೊಂದರಿಂದ ಅದನ್ನು ಆಗಾಗ ನಕಲು ಮಾಡಿಕೊಂಡಿರಬೇಕು ಎಂದು ವಿಜ್ಞಾನಿಗಳು ಹೇಳುತ್ತಾರೆ. ಆಕ್ಸಿಟೋಸಿನ್ ಸರಪಳಿಯಲ್ಲಿ ಕೊಪೆಪ್ಟಿನ್ ಇಲ್ಲ, ಅದು 125ಕ್ಕೇ ಮುಗಿಯುತ್ತದೆ.

ಈಗ ನಿಮ್ಮ ಮೊದಲ ಪ್ರಶ್ನೆ. ನ್ಯೂರೋಫೈಸಿನ್ ಎಂದರೆ ಹಾರ್ಮೋನನ್ನು ಹೊತ್ತು ಸಾಗುವ ಡಬ್ಬಿ. ಮಿದುಳಿನ ಬುಡದಲ್ಲಿರುವ ಹೈಪೊಥಲಾಮಸ್ಸಿನ ನರಕೋಶದಲ್ಲಿ ತಯಾರಾದ ಸರಪಳಿ, ಅದರ ಕೆಳಗಿನ ಪಿಟ್ಯುಟರಿ ಗ್ರಂಥಿಯ ಹಿಂಭಾಗದವರೆಗೆ ನರತಂತುವಿನ ಉದ್ದಕ್ಕೂ ಪ್ರಯಾಣ ಮಾಡಬೇಕು. ಅದಕ್ಕೆ ಮೊದಲು ನ್ಯೂರೋಫೈಸಿನ್ ಭಾಗ ಸರಿಯಾಗಿ ಮಡಚಿಕೊಂಡು, ಹಾರ್ಮೋನಿನ ತಲೆಭಾಗವನ್ನು ತನ್ನೊಳಗಿನ ಒಂದು ಗುಳಿಯಲ್ಲಿ ಕೂರಿಸಿಕೊಳ್ಳಬೇಕು. ಆ ಮಡಿಕೆಯನ್ನು ಹಿಡಿದಿಡುವುದು 14 ಸಿಸ್ಟೀನ್‌ಗಳು ಎರಡೆರಡಾಗಿ ಕೈಹಿಡಿದು ಮಾಡಿಕೊಳ್ಳುವ 7 ಗಂಧಕದ ಸೇತುವೆಗಳು. ನಿಮ್ಮ ಸೋದರಳಿಯನಲ್ಲಿ ಒಂದು ಸಿಸ್ಟೀನ್ ಇಲ್ಲ. ಎಂದರೆ ಒಂದು ಸೇತುವೆ ಇಲ್ಲವಾಯಿತು, ಮಾತ್ರವಲ್ಲ, ಜೊತೆಗಾರನನ್ನು ಕಳೆದುಕೊಂಡ ಸಿಸ್ಟೀನ್ ಒಂಟಿಯಾಗಿ ಯಾರ ಕೈಯನ್ನಾದರೂ ಹಿಡಿಯಲು ಹವಣಿಸುತ್ತದೆ. ಹಾರ್ಮೋನು ಹಾಳಾಗದಿದ್ದರೂ ಡಬ್ಬಿ ಸೊಟ್ಟಗಾಗಿದೆ. ಸೊಟ್ಟ ಡಬ್ಬಿಯನ್ನು ಕೋಶ ಹೊರಗೆ ಬಿಡುವುದಿಲ್ಲ.

ಆಕ್ಸಿಟೋಸಿನ್ನಿಗೆ ತನ್ನದೇ ಜೀನ್, ತನ್ನದೇ ನ್ಯೂರೋಫೈಸಿನ್ ಇರುವುದರಿಂದ ಅದು ಸುರಕ್ಷಿತ. ಯಾವ ಕೋಶದಲ್ಲಿ ಯಾವ ಮನೆಯ ದೀಪ ಹತ್ತಬೇಕು ಎಂಬುದರ ಸ್ವಿಚ್ಚು ಮಾತ್ರ ನಡುವಿನ ಆ ಓಣಿಯಲ್ಲಿದೆ ಎಂದು ನಾವು ಪಾಠ ಮಾಡುತ್ತಿದ್ದೆವು.

ಉತ್ತರ: ನರಕೋಶ ಸಂಶೋಧಕ, ಹೆಬ್ಬಾಳ

ಮೇಡಂ ಅವರ ಲೆಕ್ಕಕ್ಕೆ ಸೇರಿಸಲು ನನ್ನಲ್ಲಿ ಏನೂ ಇಲ್ಲ. ಓಣಿಯ ಬಗ್ಗೆ ಮಾತ್ರ ಸಣ್ಣ ತಿದ್ದುಪಡಿ. ಅನ್ಯ ಜೀನ್ ಸೇರಿಸಿದ ಇಲಿಗಳ ಮೇಲಿನ ಮೊದಲ ಪ್ರಯೋಗಗಳಲ್ಲಿ ಜೀನಿನ ಹಿಂಬದಿಯ ಭಾಗವನ್ನು ಸೇರಿಸದಿದ್ದರೆ ಅದು ಸರಿಯಾದ ನರಕೋಶದಲ್ಲಿ ಹತ್ತುತ್ತಲೇ ಇರಲಿಲ್ಲ, ಆದ್ದರಿಂದ ಓಣಿಯಲ್ಲೇ ಸ್ವಿಚ್ಚು ಇದೆ ಎಂಬ ನಂಬಿಕೆ ಬಲವಾಗಿತ್ತು. ಆಮೇಲೆ ನಿರುಪದ್ರವಿ ವೈರಸ್‌ಗಳ ಮೂಲಕ ಜೀನಿನ ಬೇರೆ ಬೇರೆ ಉದ್ದದ ತುಣುಕುಗಳನ್ನು ಇಲಿಯ ಹೈಪೊಥಲಾಮಸ್ಸಿಗೇ ನೇರವಾಗಿ ಸೇರಿಸಿ ನೋಡಿದಾಗ, ಮುಂಬಾಗಿಲಿಗೆ ಹತ್ತಿರದ ಕೆಲವು ನೂರು ಅಕ್ಷರಗಳಷ್ಟೇ ಇದ್ದರೂ ವಾಸೊಪ್ರೆಸಿನ್ನಿನ ತುಣುಕು ವಾಸೊಪ್ರೆಸಿನ್ ಕೋಶದಲ್ಲಿ, ಆಕ್ಸಿಟೋಸಿನ್ನಿನದು ಆಕ್ಸಿಟೋಸಿನ್ ಕೋಶದಲ್ಲಿ ಹತ್ತುವುದು ಕಂಡುಬಂತು. ಹಾಗಾಗಿ ಈಗ ನಾನು ಸ್ವಿಚ್ಚನ್ನು ಮುಂಬಾಗಿಲ ಪಕ್ಕದಲ್ಲೇ, ಅಂದರೆ ಜೀನಿನ ಓದನ್ನು ಶುರುಮಾಡಿಸುವ ಪ್ರೊಮೋಟರ್ ಭಾಗದಲ್ಲೇ ಹುಡುಕುತ್ತೇನೆ. ಓಣಿಗೆ ಕೆಲಸವಿಲ್ಲ ಎಂದು ಇದರ ಅರ್ಥವಲ್ಲ. ಈ ಎರಡು ಬಗೆಯ ನರಕೋಶಗಳು ಹೈಪೊಥಲಾಮಸ್ಸಿನ ಒಂದೇ ಗುಂಪುಗಳಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡಿದ್ದೂ ಬಹುಪಾಲು ಕೋಶಗಳು ಒಂದನ್ನೇ ಹೇರಳವಾಗಿ ತಯಾರಿಸುವುದು ನನಗೆ ಇಂದಿಗೂ ಬೆರಗಿನ ಸಂಗತಿ.

ನಿಯಂತ್ರಣಕ್ಕೆ ಬರೋಣ, ನಿಮ್ಮ ಮೂರನೆಯ ಪ್ರಶ್ನೆಯ ಬೇರು ಇಲ್ಲಿಯೇ ಇದೆ. ರಕ್ತದ ಸಾಂದ್ರತೆ ನೂರಕ್ಕೆ ಒಂದೆರಡು ಭಾಗ ಏರಿದರೆ ಸಾಕು, ಪಿಟ್ಯುಟರಿಯಲ್ಲಿ ಕೂಡಿಟ್ಟ ವಾಸೊಪ್ರೆಸಿನ್ ಬಿಡುಗಡೆಯಾಗುತ್ತದೆ. ಉಗ್ರಾಣ ಖಾಲಿಯಾದಂತೆ ಅದನ್ನು ತುಂಬಲು ಜೀನಿಗೆ ಕರೆ ಹೋಗಬೇಕು. ಆ ಕರೆ ಎಷ್ಟು ಬೇಗ ಹೋಗುತ್ತದೆ ಎಂದು ತಿಳಿಯಲು ಒಂದು ಜಾಣ ಉಪಾಯವಿದೆ. ಜೀನನ್ನು ಆರ್‌ಎನ್‌ಎಗೆ ನಕಲಿಸುವಾಗ ಎಕ್ಸಾನ್‌ಗಳ ನಡುವಿನ ಇಂಟ್ರಾನ್ ಎಂಬ ತುಂಡುಗಳೂ ಸೇರಿಕೊಳ್ಳುತ್ತವೆ, ಆದರೆ ಅವನ್ನು ಕೂಡಲೇ ಕತ್ತರಿಸಿ ಎಸೆಯಲಾಗುತ್ತದೆ. ಪೂರ್ತಿ ತಯಾರಾದ ಎಂಆರ್‌ಎನ್‌ಎ ಬಹುಕಾಲ ಉಳಿಯುವುದರಿಂದ ಅದನ್ನು ಎಣಿಸಿದರೆ ನಿನ್ನೆಯ ದಾಸ್ತಾನು ಗೊತ್ತಾಗುತ್ತದೆ; ಇಂಟ್ರಾನಿನ ತುಣುಕನ್ನು ಎಣಿಸಿದರೆ ಈ ಗಳಿಗೆಯ ಉತ್ಪಾದನೆ ಗೊತ್ತಾಗುತ್ತದೆ. ಇಲಿಗಳಿಗೆ ಗಾಢ ಉಪ್ಪುನೀರಿನ ಚುಚ್ಚುಮದ್ದು ಕೊಟ್ಟಾಗ ವಾಸೊಪ್ರೆಸಿನ್ ಇಂಟ್ರಾನ್ ಆರ್‌ಎನ್‌ಎ ಅರ್ಧ ಗಂಟೆಯ ಹೊತ್ತಿಗೇ ಏರಿರುತ್ತದೆ. ಬಾಯಾರಿಕೆ ದಿನಗಟ್ಟಲೆ ಮುಂದುವರಿದರೆ ಎಂಆರ್‌ಎನ್‌ಎಯ ಪ್ರಮಾಣ ಹೆಚ್ಚುವುದರ ಜೊತೆಗೆ ಅದರ ಅಡಿನೈನ್ ಬಾಲವೂ ಉದ್ದವಾಗುತ್ತದೆ.

ಈ ಕರೆ ಪ್ರೊಮೋಟರ್‌ವರೆಗೆ ಹೋಗುವ ದಾರಿಯಲ್ಲಿ ಕೋಶದೊಳಗೆ ಸಂದೇಶ ಸಾಗಿಸುವ ಸೈಕ್ಲಿಕ್ ಎಎಂಪಿ ಎಂಬ ಅಣು ಇದೆ, ಅದಕ್ಕೆ ಓಗೊಡುವ ತಾಣಗಳು ಪ್ರೊಮೋಟರ್‌ನಲ್ಲಿವೆ. ಆ ತಾಣಕ್ಕೆ ಸಾಮಾನ್ಯವಾಗಿ ಸಿಆರ್‌ಇಬಿ ಎಂಬ ಪ್ರೋಟೀನಿನ ಹೆಸರು ಹೇಳುತ್ತಿದ್ದರು. 2014ರಲ್ಲಿ ಅದರ ದಾಯಾದಿಯಾದ ಸಿಆರ್‌ಇಬಿ3ಎಲ್1 ಎಂಬುದು ಇಲಿಯ ಹೈಪೊಥಲಾಮಸ್ಸಿನಲ್ಲಿ ವಾಸೊಪ್ರೆಸಿನ್ ಪ್ರೊಮೋಟರ್ ಮೇಲೆ ಕೂತು ಜೀನನ್ನು ಎಬ್ಬಿಸುವುದು ಪ್ರಕಟವಾಯಿತು. ಜೀನ್ ಒಂದೇ ಆದರೂ ಯಜಮಾನರು ಹಲವರು. ಒತ್ತಡಕ್ಕೆ ಸಂಬಂಧಿಸಿದ ಸಣ್ಣ ನರಕೋಶಗಳಲ್ಲಿ ಕಾರ್ಟಿಸಾಲ್ ಇದೇ ಜೀನನ್ನು ಅದುಮುತ್ತದೆ. ದಿನಚರಿಯ ಗಡಿಯಾರವಿರುವ ನರಕೋಶಗಳಲ್ಲಿ ಕ್ಲಾಕ್ ಮತ್ತು ಬಿಮ್ಯಾಲ್1 ಎಂಬ ಜೋಡಿ ಪ್ರೊಮೋಟರ್‌ನ ಇ-ಬಾಕ್ಸ್ ಎಂಬ ತಾಣವನ್ನು ಹಿಡಿದು, ಬಾಯಾರಿಕೆಗೆ ಸಂಬಂಧವೇ ಇಲ್ಲದಂತೆ ಹಗಲು ರಾತ್ರಿಗಳ ಲಯದಲ್ಲಿ ಅದನ್ನು ಏರಿಳಿಸುತ್ತದೆ. ಆಕ್ಸಿಟೋಸಿನ್ ಪ್ರೊಮೋಟರ್‌ನಲ್ಲಿ ಈಸ್ಟ್ರೋಜನ್ ಕುಟುಂಬದ ಗ್ರಾಹಕಗಳು ಕೂರಬಲ್ಲ ತಾಣವಿದೆ. ಅದರ ಕತೆ ಬೇರೆ, ಇಲ್ಲಿ ಬೇಡ.

ನಿಮ್ಮ ವಿಷಯಕ್ಕೆ ಬೇಕಾದದ್ದು ಇಷ್ಟೇ: ನೀರು ಸಿಗದಿದ್ದಾಗ ಈ ಜೀನಿನ ಎರಡೂ ಪ್ರತಿಗಳು ಒಟ್ಟಿಗೇ ಜೋರಾಗಿ ಓಡುತ್ತವೆ. ಯಾವ ಪ್ರತಿ ಕೆಟ್ಟಿದೆ ಎಂಬುದು ಪ್ರೊಮೋಟರ್‌ಗೆ ಗೊತ್ತಾಗುವುದಿಲ್ಲ.

ಮರುಪ್ರಶ್ನೆ: ಸೋದರಮಾವ, ಮಲ್ಲೇಶ್ವರ

ಇಬ್ಬರಿಗೂ ನಮಸ್ಕಾರ. ಸೊಟ್ಟ ಡಬ್ಬಿಯನ್ನು ಕೋಶ ಹೊರಗೆ ಬಿಡುವುದಿಲ್ಲ ಎಂಬುದು ಅರ್ಥವಾಯಿತು. ಆದರೆ ಹತ್ತರಲ್ಲಿ ಐದು ಡಬ್ಬಿ ಸೊಟ್ಟವಾದರೆ ಉಳಿದ ಐದು ಹೋಗಬೇಕಲ್ಲ? ನನ್ನ ಜಮಾಖರ್ಚು ಇಲ್ಲಿಗೇ ನಿಂತಿದೆ. ಮತ್ತು ನನಗೆ 41 ವರ್ಷ, ಬಾಯಾರಿಕೆ ಎಲ್ಲರಷ್ಟೇ. ನನ್ನಲ್ಲೂ ಇದು ಅಡಗಿರಬಹುದೇ?

ಉತ್ತರ: ಅಂತಃಸ್ರಾವ ವೈದ್ಯೆ, ಜಯನಗರ

ನಿಮ್ಮ ಜಮಾಖರ್ಚು ತಪ್ಪಿಲ್ಲ, ಬಹುತೇಕ ಜೀನ್‌ಗಳಿಗೆ ಆ ಲೆಕ್ಕ ಸರಿಹೋಗುತ್ತದೆ. ವಾಸೊಪ್ರೆಸಿನ್ನಿಗೂ ಅರ್ಧ ಸಾಕು, ಅದಕ್ಕೆ ಪುರಾವೆಯೂ ಇದೆ. ಬ್ರಾಟಲ್‌ಬರೊ ಎಂಬ ತಳಿಯ ಇಲಿಗಳಲ್ಲಿ ಎರಡನೆಯ ಎಕ್ಸಾನಿನ ಒಂದೇ ಒಂದು ಅಕ್ಷರ ಬಿಟ್ಟುಹೋಗಿದೆ ಎಂದು 1984ರಲ್ಲಿ ತಿಳಿಯಿತು. ಅಲ್ಲಿಂದ ಮುಂದಿನ ಓದೆಲ್ಲ ಅಡ್ಡಾದಿಡ್ಡಿಯಾಗಿ ಕೆಟ್ಟ ಪ್ರತಿಯಿಂದ ಹೆಚ್ಚೇನೂ ಉತ್ಪಾದನೆಯಾಗುವುದಿಲ್ಲ, ಆದರೆ ಎರಡೂ ಪ್ರತಿ ಕೆಟ್ಟ ಇಲಿಗಳಷ್ಟೇ ಲೀಟರುಗಟ್ಟಲೆ ಎನ್ನುವಂತೆ ನೀರು ಕುಡಿಯುತ್ತವೆ. ಒಂದು ಪ್ರತಿ ಚೆನ್ನಾಗಿದ್ದರೆ ಹೆಚ್ಚು ತೊಂದರೆಯಿಲ್ಲ. ಮನುಷ್ಯರಲ್ಲೂ 1999ರಲ್ಲಿ ಒಂದು ಕುಟುಂಬದ ವಿವರ ಪ್ರಕಟವಾಯಿತು. ಅಲ್ಲಿ ದೋಷ ನೇರವಾಗಿ ಹಾರ್ಮೋನಿನಲ್ಲೇ ಇತ್ತು, ಏಳನೆಯ ಸ್ಥಾನದ ಪ್ರೋಲಿನ್ ಹೋಗಿ ಲ್ಯೂಸಿನ್ ಬಂದಿತ್ತು. ಡಬ್ಬಿ ನೆಟ್ಟಗಿದ್ದುದರಿಂದ ದುರ್ಬಲ ಹಾರ್ಮೋನು ಸರಾಗವಾಗಿ ಹೊರಬರುತ್ತಿತ್ತು, ಒಂದು ಪ್ರತಿ ಮಾತ್ರ ಕೆಟ್ಟವರು ಆರೋಗ್ಯವಾಗಿದ್ದರು, ಎರಡೂ ಕೆಟ್ಟವರಿಗಷ್ಟೇ ಕಾಯಿಲೆ. ಹಾರ್ಮೋನು ಕೆಟ್ಟವರಿಗಿಂತ ಡಬ್ಬಿ ಕೆಟ್ಟವರ ಪಾಡು ಕಷ್ಟ ಎನ್ನುವುದು ಮೊದಲು ಕೇಳಿದಾಗ ವಿಚಿತ್ರವೆನಿಸುತ್ತದೆ.

ಕಾರಣ, ಸೊಟ್ಟ ಡಬ್ಬಿ ಸುಮ್ಮನೆ ಮಾಯವಾಗುವುದಿಲ್ಲ. ಸರಪಳಿ ಮಡಚಿಕೊಳ್ಳುವ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ ಎಂಬ ಒಳಕೋಣೆಯಲ್ಲಿ ಅದು ರಾಶಿ ಬೀಳುತ್ತದೆ, ಒಂದಕ್ಕೊಂದು ಅಂಟಿಕೊಂಡು ಗಂಟುಕಟ್ಟುತ್ತದೆ, ಒಳ್ಳೆಯ ಸರಪಳಿಗಳನ್ನೂ ಜೊತೆಗೆ ಸಿಕ್ಕಿಸಿಕೊಳ್ಳುತ್ತದೆ. ಕೊನೆಗೆ ಕೆಡುವುದು ಕೋಶವೇ. ಇಂಥ ಕುಟುಂಬಗಳ ಹಳೆಯ ಮರಣೋತ್ತರ ವರದಿಗಳಲ್ಲಿ ಈ ದೊಡ್ಡ ನರಕೋಶಗಳು ಬಹಳ ಕಡಿಮೆಯಾಗಿದ್ದುದು ದಾಖಲಾಗಿದೆ. ರಾಶಿ ಬೀಳಲು ಸಮಯ ಬೇಕು, ಆದ್ದರಿಂದಲೇ ಮಗು ಹುಟ್ಟುವಾಗ ಸರಿಯಿದ್ದು, ಕೆಲವು ತಿಂಗಳಿಂದ ಕೆಲವು ವರ್ಷಗಳ ನಡುವೆ ಲಕ್ಷಣ ಕಾಣಿಸಿಕೊಳ್ಳುತ್ತದೆ. ಈ ಬಗೆಯ ಕಾಯಿಲೆ ಒಂದೇ ಕೆಟ್ಟ ಪ್ರತಿಯಿಂದ, ಪ್ರಬಲ ಗುಣವಾಗಿ ಅರ್ಧದಷ್ಟು ಮಕ್ಕಳಿಗೆ ಬರುವ ಸಂಭವವಿರುವುದೂ ಇದರಿಂದಲೇ. 41 ವರ್ಷದವರೆಗೆ ನಿಮಗೆ ಲಕ್ಷಣವಿಲ್ಲವೆಂದರೆ ನಿಮ್ಮಲ್ಲಿ ಅದು ಇರುವ ಸಾಧ್ಯತೆ ತೀರಾ ಕಡಿಮೆ. ಆ ಒಂದು ಅಕ್ಷರವನ್ನು ನಿಮ್ಮ ರಕ್ತದಲ್ಲಿ ನೋಡಿಬಿಟ್ಟರೆ ಮಾತು ಮುಗಿಯುತ್ತದೆ.

ಹೆಬ್ಬಾಳದ ಸರ್ ಬರೆದ ಕೊನೆಯ ಸಾಲನ್ನು ಇದರ ಪಕ್ಕದಲ್ಲಿಟ್ಟು ಓದಿ. ಮನುಷ್ಯರ ದೋಷವನ್ನೇ ಹೊತ್ತ ಚಿಟ್ಟಿಲಿಗಳನ್ನು ಜಪಾನಿನ ಸಂಶೋಧಕರು ಬೆಳೆಸಿದರು. ಅವುಗಳ ಮೂತ್ರ ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಾ ಹೋಯಿತು, ನರಕೋಶಗಳು ಇನ್ನೂ ಸಾಯದಿದ್ದಾಗಲೇ. ಕೆಲವು ಇಲಿಗಳಿಗೆ ಆಗಾಗ ನೀರು ನಿಲ್ಲಿಸಿದಾಗ ಒಳಗಿನ ಗಂಟುಗಳು ಹೆಚ್ಚಿ, ಕಾಯಿಲೆ ಇನ್ನೂ ವೇಗವಾಗಿ ಮುಂದುವರಿಯಿತು. ನೀರು ನಿಂತರೆ ಜೀನ್ ಜೋರಾಗಿ ಓಡುತ್ತದೆ, ಜೀನ್ ಓಡಿದಷ್ಟೂ ಸೊಟ್ಟ ಡಬ್ಬಿ ಹೆಚ್ಚು. ಇಲಿಯಲ್ಲಿ ಕಂಡದ್ದನ್ನು ಮಗುವಿಗೆ ಹಾಗೆಯೇ ಅನ್ವಯಿಸಬಾರದು, ಆದರೂ ಸಂಜೆ ಆರರ ಮೇಲೆ ನೀರು ಬೇಡ ಎಂದ ಆ ಸಲಹೆಯನ್ನು ಓದಿ ನನಗೆ ಸಿಟ್ಟು ಬಂತು. ಸೋಡಿಯಂ ಏರಿ ಮಗು ಅಪಾಯಕ್ಕೆ ಸಿಲುಕುವುದು ಅದಕ್ಕಿಂತ ಮುಂಚೆಯೇ ಆಗಬಹುದಾಗಿತ್ತು. ಈ ಮಕ್ಕಳಿಗೆ ನೀರು ತಡೆದು ನೋಡುವ ಪರೀಕ್ಷೆಯನ್ನು ಮಾಡುವುದಿದ್ದರೆ ಆಸ್ಪತ್ರೆಯಲ್ಲಿ, ತೂಕವನ್ನೂ ಸೋಡಿಯಂ ಪ್ರಮಾಣವನ್ನೂ ಮತ್ತೆ ಮತ್ತೆ ನೋಡುತ್ತಾ ಮಾಡಬೇಕು.

ದೊಡ್ಡವರಲ್ಲಿ ಇನ್ನೊಂದು ದಾರಿಯೂ ಇದೆ. ಮೇಡಂ ಹೇಳಿದ ಕೊನೆಯ 39, ಕೊಪೆಪ್ಟಿನ್, ಹಾರ್ಮೋನಿನ ಜೊತೆ ಒಂದಕ್ಕೊಂದರಂತೆ ಹೊರಬೀಳುತ್ತದೆ. ವಾಸೊಪ್ರೆಸಿನ್ ರಕ್ತದಲ್ಲಿ ಬೇಗ ಕರಗಿಹೋಗುತ್ತದೆ, ಕೊಪೆಪ್ಟಿನ್ ಗಟ್ಟಿ, ಅಳೆಯಲು ಸುಲಭ. ಗಾಢ ಉಪ್ಪುದ್ರವ ಕೊಟ್ಟು ಕೊಪೆಪ್ಟಿನ್ ಅಳೆದಾಗ ಲೀಟರಿಗೆ 4.9 ಪಿಕೊಮೋಲ್‌ಗಿಂತ ಹೆಚ್ಚಿದ್ದರೆ ಹಾರ್ಮೋನು ಬರುತ್ತಿದೆ, ತೊಂದರೆ ಅತಿಯಾಗಿ ಕುಡಿಯುವ ಅಭ್ಯಾಸದ್ದು ಎಂದು ತಿಳಿಯಲು ನೆರವಾಗುತ್ತದೆ ಎಂಬುದು 2018ರಲ್ಲಿ ಪ್ರಕಟವಾದ ಅಧ್ಯಯನದಿಂದ ಗೊತ್ತಾಯಿತು. ನಿಮ್ಮಲ್ಲಿ ಜೀನ್ ವರದಿಯೇ ಇರುವುದರಿಂದ ಮಗುವಿಗೆ ಅದರ ಅಗತ್ಯ ಬೀಳಲಿಕ್ಕಿಲ್ಲ. ವರದಿಯಲ್ಲಿ ಡಯಾಬಿಟಿಸ್ ಇನ್ಸಿಪಿಡಸ್ ಎಂದಿದ್ದರೆ ಗಾಬರಿಯಾಗಬೇಡಿ, ಅದಕ್ಕೂ ಸಕ್ಕರೆಗೂ ಸಂಬಂಧವಿಲ್ಲ. ಈ ಗೊಂದಲದಿಂದ ಆಸ್ಪತ್ರೆಗಳಲ್ಲೇ ಔಷಧ ತಪ್ಪಿದ ಪ್ರಸಂಗಗಳು ನಡೆದದ್ದರಿಂದ 2022ರಲ್ಲಿ ಹೆಸರನ್ನೇ ಬದಲಿಸಿ ವಾಸೊಪ್ರೆಸಿನ್ ಕೊರತೆ ಎಂದು ಕರೆಯುವುದಾಗಿ ತಜ್ಞರು ಘೋಷಿಸಿದರು.

ಚಿಕಿತ್ಸೆ ಡೆಸ್ಮೊಪ್ರೆಸಿನ್. ಅದೇ ಒಂಬತ್ತರ ಸರಪಳಿ. ಮೊದಲನೆಯದರ ಅಮೈನೋ ಗುಂಪು ತೆಗೆದು, ಎಂಟನೆಯ ಆರ್ಜಿನಿನ್ನನ್ನು ಅದರ ಕನ್ನಡಿ ಬಿಂಬಕ್ಕೆ ಬದಲಿಸಿರುತ್ತಾರೆ, ಆದ್ದರಿಂದ ಅದು ಹೆಚ್ಚು ಹೊತ್ತು ನಿಲ್ಲುತ್ತದೆ. ಅದು ಮೈಯಲ್ಲಿರುವಾಗ ಹಳೆಯ ರೂಢಿಯಂತೆ ಬಿಂದಿಗೆಗಟ್ಟಲೆ ಕುಡಿದರೆ ಸೋಡಿಯಂ ಇಳಿಯುತ್ತದೆ. ಪ್ರಮಾಣವನ್ನು ನಿಮ್ಮ ವೈದ್ಯರೇ ಹೇಳಬೇಕು. ತಂಗಿಯವರೂ ತಪ್ಪದೆ ತೋರಿಸಿಕೊಳ್ಳಲಿ.

ಸೋದರಮಾವ, ಮಲ್ಲೇಶ್ವರ

ಡಾಕ್ಟರ್ ಮೇಡಂ, ನಿಮ್ಮ ಉತ್ತರವನ್ನು ತಂಗಿಗೆ ಓದಿ ಹೇಳಿದೆ. ಅವಳು ಮೊದಲು ಕೇಳಿದ್ದು ಅಮ್ಮನ ಬಗ್ಗೆ: ಅಮ್ಮ ಕೊನೆಯ ಸಲ ಆಸ್ಪತ್ರೆಗೆ ಸೇರಿದಾಗ ಶಸ್ತ್ರಕ್ರಿಯೆಗೆ ಮುಂಚೆ ಏನನ್ನೂ ಕುಡಿಯಬಾರದು ಎಂದು ಚೀಟಿ ಅಂಟಿಸಿದ್ದರು, ಆ ರಾತ್ರಿ ಅಮ್ಮ ಎಷ್ಟು ಒದ್ದಾಡಿದ್ದರು ಎಂದು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ತಂಗಿಯ ರಕ್ತವನ್ನು ಸೋಮವಾರ ಕೊಡುತ್ತಿದ್ದೇವೆ, ನನ್ನದನ್ನೂ ಜೊತೆಗೆ. ಮಗುವಿನ ಶಾಲೆಗೆ ಅವನು ತರಗತಿಯ ನಡುವೆ ನೀರು ಕುಡಿಯಲು, ಹೊರಗೆ ಹೋಗಲು ಅನುಮತಿ ಕೇಳಿ ಪತ್ರ ಬರೆಯುತ್ತಿದ್ದೇನೆ. ಕಾಯಿಲೆಯ ಹೆಸರಿನ ಜಾಗದಲ್ಲಿ ವಾಸೊಪ್ರೆಸಿನ್ ಕೊರತೆ ಎಂದೇ ಬರೆದಿದ್ದೇನೆ.